ಪೀಪಾಯಿಯಲ್ಲಿ ಮಾಗುವ ಬಿಳಿ ವೈನ್: ಬೋರ್ಡೋ ಬ್ಲೆಂಡ್ ಮಾಡುವ ಸಮಗ್ರ ಮಾರ್ಗದರ್ಶಿ

ಅಡಿಕೆ ತೋಟದ ಮನೆಯವರಿಗೆ ಬೋರ್ಡೋ ಅಂದರೆ ಮೊದಲು ನೆನಪಾಗುವುದು ಮಳೆಗಾಲದ ಮದ್ದು. ಮೈಲುತುತ್ತ, ಸುಣ್ಣ, ನೀರು. ಕೊಳೆರೋಗ ಬಾರದಿರಲಿ ಅಂತ ಅಡಿಕೆ ಕೊನೆಗೆ ಹೊಡೆಯುವ ನೀಲಿ ದ್ರಾವಣ. ನಾನೂ ಆ ವಾಸನೆಯಲ್ಲೇ ಬೆಳೆದವನು. ಆ ಹೆಸರು ಬಂದದ್ದು ಫ್ರಾನ್ಸಿನ ಬೋರ್ಡೋ ಊರಿನಿಂದ. 1882ರಲ್ಲಿ ಅಲ್ಲಿನ ಮೆಡೋಕ್ ಸೀಮೆಯಲ್ಲಿ, ದಾರಿಹೋಕರು ಹಣ್ಣು ಕೀಳದಿರಲಿ ಅಂತ ರಸ್ತೆ ಬದಿಯ ದ್ರಾಕ್ಷಿ ಸಾಲುಗಳಿಗೆ ಮೈಲುತುತ್ತ, ಸುಣ್ಣ ಎರಚಿದ್ದರು. ಆ ಸಾಲುಗಳಿಗೆ ಮಾತ್ರ ಬೂಜುರೋಗ ಹತ್ತಿರಲಿಲ್ಲ. ಸಸ್ಯಶಾಸ್ತ್ರದ ಪ್ರೊಫೆಸರ್ ಮಿಲಾರ್ಡೆ ಅದನ್ನು ಗಮನಿಸಿ, ಪರೀಕ್ಷೆ ಮಾಡಿ, 1885ರಲ್ಲಿ ಪ್ರಕಟಿಸಿದರು.

ಕೆಲಸ ಹುಡುಕಿಕೊಂಡು ಅದೇ ಊರಿಗೆ ಬಂದು ವೈನ್ ಕಲಿತಾಗ ಒಂದು ವಿಷಯ ಗೊತ್ತಾಯಿತು. ಆ ಮದ್ದಿನ ತಾಮ್ರವೇ ಅಲ್ಲಿನ ಬಿಳಿ ವೈನಿನ ಪರಿಮಳಕ್ಕೆ ಶತ್ರು. ಅದಕ್ಕೆ ಮುಂದೆ ಬರುತ್ತೇನೆ. ಈ ಬರಹ ಬೋರ್ಡೋದ ಕೆಂಪು ವೈನಿನ ಬಗ್ಗೆ ಅಲ್ಲ. ಸೋವಿನ್ಯೋನ್ ಬ್ಲಾಂ ಮತ್ತು ಸೆಮಿಯೋನ್ ಎಂಬ ಎರಡು ದ್ರಾಕ್ಷಿ ಸೇರಿಸಿ, ಓಕ್ ಪೀಪಾಯಿಯಲ್ಲಿ ಮಾಗಿಸುವ ಬಿಳಿ ವೈನಿನ ಬಗ್ಗೆ.

ಈ ವೈನ್ ಹೇಗಿರುತ್ತದೆ

ಬೋರ್ಡೋ ನಗರದ ದಕ್ಷಿಣಕ್ಕೆ, ಗರೊನ್ ನದಿಯ ಎಡದಂಡೆಯಲ್ಲಿ ಗ್ರಾವ್ ಅನ್ನುವ ಸೀಮೆ ಇದೆ. ಗ್ರಾವ್ ಅಂದರೆ ಜಲ್ಲಿಕಲ್ಲು. ನದಿ ತಂದು ಸುರಿದ ಬೆಣಚುಕಲ್ಲಿನ ನೆಲ. ಪಶ್ಚಿಮಕ್ಕೆ ಪೈನ್ ಕಾಡು, ಅದರಾಚೆ ಅಟ್ಲಾಂಟಿಕ್ ಸಮುದ್ರ. ಈ ಸೀಮೆಯ ಉತ್ತರದ ತುಂಡಿಗೆ 1987ರಲ್ಲಿ ಪೆಸಾಕ್-ಲೆಯೊನ್ಯಾಂ ಎಂಬ ಪ್ರತ್ಯೇಕ ಹೆಸರು ಸಿಕ್ಕಿತು. ಪೀಪಾಯಿಯಲ್ಲಿ ಮಾಗಿದ ಬಿಳಿ ಬೋರ್ಡೋದ ಅತಿ ಒಳ್ಳೆಯ ಮಾದರಿಗಳು ಇಲ್ಲಿಯವೇ. ಡೊಮೇನ್ ದ ಶೆವಾಲಿಯೆ, ಸ್ಮಿತ್ ಓ ಲಫಿತ್, ಕಾರ್ಬೋನ್ಯು, ಈ ವೈನ್ ಮನೆಗಳೆಲ್ಲ ಈ ನೆಲದವು.

ಸೋವಿನ್ಯೋನ್ ಬ್ಲಾಂ ಚುರುಕಿನ ಹಣ್ಣು. ಹುಳಿ ಜಾಸ್ತಿ. ಮೂಗಿಗೆ ಚಕ್ಕೋತದ ಸಿಪ್ಪೆ, ಪ್ಯಾಷನ್ ಫ್ರೂಟ್, ಬೆರಳಲ್ಲಿ ತಿಕ್ಕಿದ ಟೊಮೆಟೊ ಎಲೆ. ಸೆಮಿಯೋನ್ ಇದಕ್ಕೆ ಪೂರ್ತಿ ಬೇರೆ. ತೆಳು ಸಿಪ್ಪೆ, ಕಡಿಮೆ ಹುಳಿ, ಬಾಯಲ್ಲಿ ತೂಕ. ಎಳೆಯದಿದ್ದಾಗ ಮೂಗಿಗೆ ಏನನ್ನೂ ಕೊಡುವುದಿಲ್ಲ. ಐದಾರು ವರ್ಷ ಕಳೆದ ಮೇಲೆ ಜೇನುಮೇಣ, ಹುರಿದ ಬಾದಾಮಿ, ಒಣಗಿದ ಹೂವು ಎಲ್ಲ ಹೊರಗೆ ಬರುತ್ತವೆ. ಒಂದು ಈಗಿನ ರುಚಿ, ಇನ್ನೊಂದು ಮುಂದಿನ ರುಚಿ. ಎರಡನ್ನೂ ಸೇರಿಸಿದರೆ ಹತ್ತು ಹದಿನೈದು ವರ್ಷ ಇಟ್ಟು ಕುಡಿಯಬಹುದಾದ ವೈನ್ ಆಗುತ್ತದೆ. ಸೋವಿನ್ಯೋನ್ ಗ್ರಿ, ಮಸ್ಕಡೆಲ್ ಎಂಬ ಇನ್ನೆರಡು ಹಣ್ಣುಗಳನ್ನೂ ಸ್ವಲ್ಪ ಸೇರಿಸುವವರಿದ್ದಾರೆ.

ಪೀಪಾಯಿ ಏನು ಮಾಡುತ್ತದೆ? ವೈನಿಗೆ ಮರದ ರುಚಿ ಹಾಕುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಮರದ ರುಚಿ ಎದ್ದು ಕಂಡರೆ ಎಲ್ಲೋ ತಪ್ಪಾಗಿದೆ ಅಂತಲೇ ಅರ್ಥ. ಪೀಪಾಯಿಯ ನಿಜವಾದ ಕೆಲಸ ಉಸಿರು. ಮರದ ಮೂಲಕ ಗಾಳಿ ತೀರಾ ನಿಧಾನವಾಗಿ ಒಳಗೆ ಬರುತ್ತದೆ. ಅಡಿಯಲ್ಲಿರುವ ಯೀಸ್ಟ್ ಗಷ್ಟು ಆ ಗಾಳಿಯನ್ನು ಹೀರುತ್ತದೆ. ಗಾಳಿಗೂ ಗಷ್ಟಿಗೂ ನಡುವೆ ವೈನ್ ಮಾಗುತ್ತದೆ. ಕೆಳಗಿನ ಎಲ್ಲ ಹಂತಗಳೂ ಈ ಒಂದು ಸಮತೋಲಕ್ಕಾಗಿಯೇ.

ಶುರು ಮಾಡುವ ಮುಂಚೆ

ಮೊದಲು ಕಾನೂನು. ಕರ್ನಾಟಕದಲ್ಲಿ ವೈನ್ ತಯಾರಿಸಲು ಅಬಕಾರಿ ಪರವಾನಗಿ ಬೇಕು. ಅಮೆರಿಕದಲ್ಲಿರುವವರು ಮಾರಾಟ ಮಾಡದೆ ಸ್ವಂತಕ್ಕೆ ಮಾಡಬಹುದು. ಅಲ್ಲಿನ ಕೇಂದ್ರ ನಿಯಮದಂತೆ ವರ್ಷಕ್ಕೆ ಒಬ್ಬ ವಯಸ್ಕರಿದ್ದ ಮನೆಗೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಇದ್ದರೆ 200 ಗ್ಯಾಲನ್ ಮಿತಿ. ನಂದಿಬೆಟ್ಟದ ತಪ್ಪಲಲ್ಲೂ ಸೋವಿನ್ಯೋನ್ ಬ್ಲಾಂ ಬೆಳೆಯುತ್ತಾರೆ. ಅಲ್ಲಿ ಪರವಾನಗಿ ಇರುವ ವೈನರಿಗಳಲ್ಲಿ ಕೆಲಸ ಮಾಡುವವರಿಗೂ ಈ ಹಂತಗಳು ಉಪಯೋಗಕ್ಕೆ ಬರಬಹುದು.

ನಾನು ಎರಡು ಪೀಪಾಯಿಯ ಲೆಕ್ಕ ಕೊಡುತ್ತೇನೆ. ಒಂದರಲ್ಲಿ ಸೋವಿನ್ಯೋನ್, ಇನ್ನೊಂದರಲ್ಲಿ ಸೆಮಿಯೋನ್. ಬೋರ್ಡೋ ಪೀಪಾಯಿ 225 ಲೀಟರಿನದು. ಅಂದರೆ 300 ಬಾಟಲಿ. ಎರಡು ಪೀಪಾಯಿ ಸೇರಿದರೆ ಸುಮಾರು 119 ಗ್ಯಾಲನ್, ಹಾಗಾಗಿ ಅಮೆರಿಕದಲ್ಲಿ ಒಬ್ಬರೇ ಇರುವ ಮನೆಗೆ ಮಿತಿ ದಾಟುತ್ತದೆ ಅನ್ನುವುದು ನೆನಪಿರಲಿ. ಒಂದು ಟನ್ ಬಿಳಿ ದ್ರಾಕ್ಷಿಯಿಂದ 600ರಿಂದ 650 ಲೀಟರ್ ಒಳ್ಳೆಯ ರಸ ಸಿಗುತ್ತದೆ. ಗಷ್ಟಿಗೆ, ಆವಿಗೆ ಹೋಗುವುದನ್ನೂ ಸೇರಿಸಿದರೆ ಒಂದೊಂದು ಪೀಪಾಯಿಗೆ 400 ಕಿಲೋ ಹಣ್ಣು ಬೇಕು.

ಹಣ್ಣನ್ನು ಮೊದಲೇ ಬೆರೆಸಬೇಡಿ. ಎರಡೂ ಒಂದೇ ದಿನ ಹಣ್ಣಾಗುವುದಿಲ್ಲ. ಜೊತೆಗೆ ಬೇರೆ ಬೇರೆ ಇದ್ದರೆ ಮಾತ್ರ ಕೊನೆಯಲ್ಲಿ ಎಷ್ಟು ಬೆರೆಸಬೇಕು ಅಂತ ನಾಲಿಗೆಯಿಂದ ತೀರ್ಮಾನಿಸಬಹುದು.

ಹಂತ 1: ಪೀಪಾಯಿ

ಫ್ರೆಂಚ್ ಓಕ್ ತಗೊಳ್ಳಿ. ಅಮೆರಿಕನ್ ಓಕ್‌ನಲ್ಲಿ ಕೊಬ್ಬರಿಯ ವಾಸನೆ ಕೊಡುವ ಲ್ಯಾಕ್ಟೋನ್ ಜಾಸ್ತಿ. ಈ ವೈನಿಗೆ ಅದು ಭಾರ. ಟ್ರೋನ್ಸೇ, ಅಲಿಯೇ, ವೋಜ್ ಕಾಡುಗಳ ಮರಕ್ಕೆ ಹೆಸರಿದೆ. ಸೀಳಿದ ಹಲಗೆಗಳನ್ನು ಎರಡು ಮೂರು ವರ್ಷ ಬಯಲಲ್ಲಿ ಮಳೆ ಬಿಸಿಲಿಗೆ ಒಡ್ಡಿ ಒಣಗಿಸುತ್ತಾರೆ. ಆಗ ಮರದ ಒಗರು ತೊಳೆದು ಹೋಗುತ್ತದೆ. ಆಮೇಲೆ ಬೆಂಕಿಯ ಮೇಲೆ ಬಗ್ಗಿಸಿ, ಒಳಗಡೆ ಸುಡುತ್ತಾರೆ. ಆ ಸುಡುವಿಕೆಯಿಂದ ವೆನಿಲ್ಲಾ, ಕ್ಯಾರಮೆಲ್, ಹೊಗೆಯ ವಾಸನೆಗಳು ಹುಟ್ಟುತ್ತವೆ. ಲವಂಗದಲ್ಲಿರುವ ಯೂಜಿನಾಲ್ ಅನ್ನುವ ವಸ್ತು ಓಕ್‌ನಲ್ಲೂ ಇದೆ. ಬಿಳಿ ವೈನಿಗೆ ಹಗುರ ಅಥವಾ ಮಧ್ಯಮ ಸುಡು ಸಾಕು.

ಎರಡರಲ್ಲಿ ಒಂದು ಮಾತ್ರ ಹೊಸದಿರಲಿ. ಇನ್ನೊಂದು ಒಂದೆರಡು ಸಲ ಬಿಳಿ ವೈನಿಗೆ ಬಳಸಿದ ಹಳೆಯ ಪೀಪಾಯಿ ಇರಲಿ. ಡೊಮೇನ್ ದ ಶೆವಾಲಿಯೆಯಂಥ ಹೆಸರಾಂತ ಮನೆಯಲ್ಲೂ ಹೊಸ ಪೀಪಾಯಿ ಮೂರನೇ ಒಂದು ಭಾಗದಷ್ಟೇ. ಹಳೆಯದನ್ನು ಕೊಳ್ಳುವಾಗ ಬಾಯಿಗೆ ಮೂಗಿಟ್ಟು ನೋಡಿ. ವಿನೆಗರ್ ವಾಸನೆ ಬಂದರೆ ಬಿಟ್ಟು ಬನ್ನಿ. ಎಷ್ಟು ತೊಳೆದರೂ ಅದು ಸರಿಹೋಗುವುದಿಲ್ಲ.

ಬಿಸಿಲಿಗೆ ಸಡಿಲವಾದ ಎತ್ತಿನಗಾಡಿಯ ಚಕ್ರವನ್ನು ನೀರಲ್ಲಿ ನೆನೆಸಿ ಬಿಗಿ ಮಾಡುತ್ತಾರಲ್ಲ, ಪೀಪಾಯಿಗೂ ಅದೇ ಉಪಾಯ. ಹದಿನೈದು ಲೀಟರ್ ಬಿಸಿನೀರು ಹಾಕಿ ಉರುಳಿಸಿ. ಎರಡೂ ತಲೆಗಳ ಮೇಲೆ ಒಂದೊಂದು ಗಂಟೆ ನಿಲ್ಲಿಸಿ. ಸೋರುವುದು ನಿಂತ ಮೇಲೆ ನೀರು ಬಸಿದು ಬಿಡಿ.

ಹಂತ 2: ಕೊಯ್ಲು

ಗ್ರಾವ್‌ನಲ್ಲಿ ಕೊಯ್ಲು ಸಾಮಾನ್ಯವಾಗಿ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ. ಮೊದಲು ಸೋವಿನ್ಯೋನ್, ಆಮೇಲೆ ಸೆಮಿಯೋನ್. ಬೆಳಗಿನ ತಂಪಿನಲ್ಲಿ, ಕೈಯಲ್ಲಿ, ಸಣ್ಣ ಕ್ರೇಟುಗಳಿಗೆ. ಒಂದೇ ಸಾಲಿಗೆ ಎರಡು ಮೂರು ಸಲ ಹೋಗಿ, ಹಣ್ಣಾದ ಗೊಂಚಲು ಮಾತ್ರ ಕತ್ತರಿಸುತ್ತಾರೆ.

ಸೋವಿನ್ಯೋನ್‌ಗೆ 21.5ರಿಂದ 23 ಬ್ರಿಕ್ಸ್ ಸಕ್ಕರೆ, 3.1ರಿಂದ 3.3 ಪಿಎಚ್ ನೋಡಿ. ಬ್ರಿಕ್ಸ್ ಅಂದರೆ 100 ಗ್ರಾಂ ರಸದಲ್ಲಿ ಎಷ್ಟು ಗ್ರಾಂ ಸಕ್ಕರೆ ಅನ್ನುವ ಲೆಕ್ಕ. ಪಿಎಚ್ ಹುಳಿಯ ಅಳತೆ, ಅದು ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಸೆಮಿಯೋನ್‌ಗೆ 21ರಿಂದ 22 ಬ್ರಿಕ್ಸ್, ಪಿಎಚ್ 3.4 ದಾಟಬಾರದು. ಒಂದು ಲೀಟರಿನಲ್ಲಿ 17 ಗ್ರಾಂ ಸಕ್ಕರೆ ಇದ್ದರೆ ಶೇ 1ರಷ್ಟು ಆಲ್ಕೋಹಾಲ್ ಆಗುತ್ತದೆ. ಆದರೆ ಮೀಟರ್ ಒಂದೇ ನಂಬಬೇಡಿ. ಹಣ್ಣು ಬಾಯಿಗೆ ಹಾಕಿಕೊಳ್ಳಿ, ಸಿಪ್ಪೆ ಅಗಿಯಿರಿ, ಬೀಜ ನೋಡಿ. ಬೀಜ ಹಸಿರಿದ್ದರೆ ಇನ್ನೆರಡು ದಿನ ತಡೆಯಿರಿ. ಸೆಮಿಯೋನ್‌ನಲ್ಲಿ ಬೂದು ಬೂಜು ಹಿಡಿದ ಗೊಂಚಲುಗಳನ್ನು ಅಲ್ಲೇ ಬಿಸಾಡಿ. ಅದೇ ಬೂಜು ಗ್ರಾವ್ ಪಕ್ಕದ ಸೋತೆರ್ನ್‌ನ ಸಿಹಿ ವೈನಿಗೆ ವರ. ಸಿಹಿಯಿಲ್ಲದ ವೈನಿಗೆ ಕೇಡು.

ಇನ್ನು ತಾಮ್ರದ ಮಾತು. ಸೋವಿನ್ಯೋನ್‌ನ ಚಕ್ಕೋತದ ಪರಿಮಳಕ್ಕೆ ಕಾರಣ ಥಯಾಲ್ ಎಂಬ ಗಂಧಕದ ಅಣುಗಳು. ಬೋರ್ಡೋ ವಿಶ್ವವಿದ್ಯಾಲಯದಲ್ಲಿ ದೆನಿ ದ್ಯುಬೂರ್ಡ್ಯೂ (1949–2016) ಮತ್ತು ಜಪಾನಿನಿಂದ ಬಂದ ತಕಾತೋಶಿ ತೊಮಿನಾಗ ಅವರ ಸಂಶೋಧನೆ ಇದನ್ನು ಬಿಡಿಸಿ ತೋರಿಸಿತು. ಹಣ್ಣಿನಲ್ಲಿ ಈ ಅಣುಗಳು ವಾಸನೆಯಿಲ್ಲದ ರೂಪದಲ್ಲಿ ಅಡಗಿರುತ್ತವೆ. ಯೀಸ್ಟ್ ಬಂದು ಅವನ್ನು ಬಿಡಿಸುತ್ತದೆ. ತಾಮ್ರ ಸಿಕ್ಕರೆ ಥಯಾಲ್ ಅದಕ್ಕೆ ಅಂಟಿಕೊಂಡು ಪರಿಮಳ ಕಳೆದುಕೊಳ್ಳುತ್ತದೆ. ಹಾಗಾಗಿ ಹಣ್ಣು ಕೊಳ್ಳುವಾಗ ಬೆಳೆಗಾರರನ್ನು ಕೇಳಲೇಬೇಕಾದ ಪ್ರಶ್ನೆ: ಕೊನೆಯ ಸಲ ತಾಮ್ರದ ಮದ್ದು ಹೊಡೆದದ್ದು ಯಾವಾಗ? ಕೊಯ್ಲಿನ ಹತ್ತಿರ ಹೊಡೆದಿದ್ದರೆ ಬೇರೆ ತೋಟ ನೋಡಿ.

ಹಂತ 3: ಹಿಂಡುವುದು, ತಿಳಿ ಮಾಡುವುದು

ಇಲ್ಲಿ ಗಾಳಿಯಿಂದ ಕಾಪಾಡುವುದೇ ಕೆಲಸ. ಹಣ್ಣನ್ನು 10 ಡಿಗ್ರಿಗೆ ತಂಪು ಮಾಡಿ. ಒಣ ಮಂಜುಗಡ್ಡೆ ಹಾಕಿದರೆ ತಂಪೂ ಆಗುತ್ತದೆ, ಮೇಲೆ ಇಂಗಾಲದ ಡೈಆಕ್ಸೈಡಿನ ಹೊದಿಕೆಯೂ ಬೀಳುತ್ತದೆ.

ಚೆನ್ನಾಗಿ ಹಣ್ಣಾದ, ಒಂದು ಕೊಳೆತ ಕಾಳೂ ಇಲ್ಲದ ಸೋವಿನ್ಯೋನ್ ಸಿಕ್ಕಿದ್ದರೆ, ತೊಟ್ಟು ಬಿಡಿಸಿ ಆರರಿಂದ ಹನ್ನೆರಡು ಗಂಟೆ ಸಿಪ್ಪೆಯೊಂದಿಗೆ ನೆನೆಸಬಹುದು. ಪರಿಮಳ ಸಿಪ್ಪೆಯಲ್ಲಿ ಜಾಸ್ತಿ ಇರುತ್ತದೆ. ಆದರೆ ನೆನೆಸಿದಷ್ಟೂ ಸಿಪ್ಪೆಯ ಪೊಟ್ಯಾಸಿಯಂ ಇಳಿದು ಹುಳಿ ಕಡಿಮೆಯಾಗುತ್ತದೆ. ಹಣ್ಣಿನ ಮೇಲೆ ಸ್ವಲ್ಪ ಅನುಮಾನವಿದ್ದರೂ ನೆನೆಸಬೇಡಿ. ಸೆಮಿಯೋನ್ ಗೊಂಚಲನ್ನು ತೊಟ್ಟಿನ ಸಮೇತ ಹಾಗೇ ಹಿಂಡಿ.

ಒತ್ತಡ ಮೆಲ್ಲಗೆ ಏರಲಿ. ಕೊನೆಯ ರಸ ಕಂದು ಬಣ್ಣಕ್ಕೆ ತಿರುಗಿ ನಾಲಿಗೆಗೆ ಒಗರಾದರೆ ಅಲ್ಲಿಗೆ ನಿಲ್ಲಿಸಿ, ಆ ರಸವನ್ನು ಬೇರೆ ಇಡಿ. ಹೊರಬರುವ ರಸಕ್ಕೆ 100 ಲೀಟರಿಗೆ 8 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಕಿ, ಗಾಳಿಯಿಂದ ರಸ ಕೆಡದಂತೆ ಕಾಯುವ ಪುಡಿ ಅದು. ಅದರ ತೂಕದ ಅರ್ಧದಷ್ಟು ಮಾತ್ರ ಸಲ್ಫರ್ ಡೈಆಕ್ಸೈಡ್ ಆಗುತ್ತದೆ, ಅಂದರೆ ಲೀಟರಿಗೆ ಸುಮಾರು 40 ಮಿ.ಗ್ರಾಂ. ಆ ಪುಡಿಯ ಘಾಟು ಆಸ್ತಮಾ ಇರುವವರಿಗೆ ಅಪಾಯ. ಅವರು ಈ ಕೆಲಸಕ್ಕೆ ಕೈ ಹಾಕಬಾರದು.

ರಸವನ್ನು 8 ಡಿಗ್ರಿಯಲ್ಲಿ ಒಂದು ದಿನ ಬಿಟ್ಟರೆ ಮಂದ ಗಸಿ ಕೆಳಗಿಳಿಯುತ್ತದೆ. ಮೇಲಿನ ರಸವನ್ನು ಪೈಪಿನಿಂದ ಇಳಿಸಿಕೊಳ್ಳಿ. ಪೂರ್ತಿ ಗಾಜಿನಂತೆ ತಿಳಿಯಾಗುವುದು ಬೇಡ, ಯೀಸ್ಟ್ ಹಸಿವಿನಿಂದ ನರಳುತ್ತದೆ. ತೀರಾ ಬಗ್ಗಡವಿದ್ದರೆ ಹಸಿ ಸೊಪ್ಪಿನ ವಾಸನೆ ಬರುತ್ತದೆ. ಎಳನೀರಿನಷ್ಟು ಮಸುಕಿದ್ದರೆ ಸರಿ. ಮೀಟರ್ ಇದ್ದವರು ಮಸುಕಿನ ಅಳತೆ 150ರಿಂದ 200 ಎನ್‌ಟಿಯು ನೋಡಿಕೊಳ್ಳಿ.

ಹಂತ 4: ಪೀಪಾಯಿಯಲ್ಲೇ ಹುದುಗು

ಇಡೀ ಕೆಲಸದ ತಿರುಳು ಇದು. ವೈನ್ ಆದ ಮೇಲೆ ಪೀಪಾಯಿಗೆ ಹಾಕಬೇಡಿ. ರಸ ಪೀಪಾಯಿಯೊಳಗೇ ವೈನ್ ಆಗಬೇಕು.

ಕೇಳಿದರೆ ತಿರುಗಾಮುರುಗಾ ಅನ್ನಿಸುತ್ತದೆ. ಮರದಲ್ಲಿ ಜಾಸ್ತಿ ದಿನ ಇದ್ದರೆ ಮರದ ವಾಸನೆಯೂ ಜಾಸ್ತಿ ಬರಬೇಕಲ್ವಾ? ಬರುವುದಿಲ್ಲ. ಹುದುಗುವಾಗ ಜೀವಂತ ಯೀಸ್ಟ್ ಮರದ ವೆನಿಲಿನ್ ಅನ್ನು ವಾಸನೆಯೇ ಇಲ್ಲದಂಥ ಆಲ್ಕೋಹಾಲಾಗಿ ಬದಲಿಸುತ್ತದೆ. ಮರದ ಬಣ್ಣವನ್ನೂ ಒಗರನ್ನೂ ಗಷ್ಟು ಹಿಡಿದಿಟ್ಟುಕೊಳ್ಳುತ್ತದೆ. ಸ್ಟೀಲ್ ಟ್ಯಾಂಕಿನಲ್ಲಿ ಮಾಡಿ, ತಿಳಿ ಮಾಡಿ, ಆಮೇಲೆ ಹೊಸ ಪೀಪಾಯಿಗೆ ಹಾಕಿದ ವೈನ್ ಬಣ್ಣ ಗಾಢವಾಗಿ, ಮರದ ಪುಡಿ ಹಾಕಿದಂತೆ ಇರುತ್ತದೆ. 1980ರ ದಶಕದಲ್ಲಿ ದ್ಯುಬೂರ್ಡ್ಯೂ ಮತ್ತು ಅವರ ಜೊತೆಗಾರರು ಇದನ್ನು ಪರೀಕ್ಷಿಸಿ ತೋರಿಸಿದ ಮೇಲೆ ಬಿಳಿ ಬೋರ್ಡೋದ ರೂಪವೇ ಬದಲಾಯಿತು.

ಮಾಡುವ ಕ್ರಮ ಹೀಗೆ. ರಸ 15 ಡಿಗ್ರಿಗೆ ಬರಲಿ. 100 ಲೀಟರಿಗೆ 25 ಗ್ರಾಂ ಒಣ ಯೀಸ್ಟ್ ತಗೊಂಡು, ಅದರ ಹತ್ತು ಪಟ್ಟು, 37 ಡಿಗ್ರಿಯ ನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ. ಸ್ವಲ್ಪ ಸ್ವಲ್ಪವೇ ರಸ ಬೆರೆಸಿ ತಂಪು ಮಾಡಿ. ಯೀಸ್ಟ್ ನೀರಿಗೂ ರಸಕ್ಕೂ 10 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಯೀಸ್ಟ್ ಸಾಯಬಹುದು. ರಸದ ಸಾರಜನಕ ಲೀಟರಿಗೆ 150 ಮಿ.ಗ್ರಾಂಗಿಂತ ಕಡಿಮೆ ಇದ್ದರೆ ಯೀಸ್ಟಿಗೆ ಆಹಾರ ಸೇರಿಸಿ. ಇಲ್ಲದಿದ್ದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ.

ಟ್ಯಾಂಕಿನಲ್ಲಿ ಹುದುಗು ಏಳಲಿ. ಸಾಂದ್ರತೆ 1.090ರಿಂದ 1.075ಕ್ಕೆ ಇಳಿದಾಗ ಪೀಪಾಯಿಗೆ ಹಾಕಿ. ಇಡ್ಲಿ ಹಿಟ್ಟಿನ ಪಾತ್ರೆಯನ್ನು ತುಂಬಿಸಿ ಇಡುವುದಿಲ್ಲವಲ್ಲ, ಇಲ್ಲೂ ಹಾಗೇ. 200 ಲೀಟರ್ ಸಾಕು, ಉಳಿದ ಜಾಗ ನೊರೆಗೆ. ಮಿಕ್ಕ ರಸವನ್ನು ಗಾಜಿನ ಜಾಡಿಯಲ್ಲಿ ಪಕ್ಕದಲ್ಲೇ ಹುದುಗಿಸಿ. ಕೋಣೆ 16ರಿಂದ 18 ಡಿಗ್ರಿ ಇದ್ದರೆ ಪೀಪಾಯಿಯೊಳಗೆ 20ರಿಂದ 23ಕ್ಕೆ ಏರುತ್ತದೆ. 25 ದಾಟಲು ಬಿಡಬೇಡಿ, ಪರಿಮಳ ಹಾರಿಹೋಗುತ್ತದೆ. ದಿನಕ್ಕೆರಡು ಸಲ ಸಾಂದ್ರತೆ, ಉಷ್ಣತೆ ಬರೆದಿಡಿ. ಎಂಟರಿಂದ ಹದಿನೈದು ದಿನದಲ್ಲಿ 0.995ರ ಕೆಳಗೆ ಇಳಿದು, ಸಕ್ಕರೆ ಲೀಟರಿಗೆ 2 ಗ್ರಾಂಗಿಂತ ಕಡಿಮೆಯಾಗುತ್ತದೆ.

ದಯವಿಟ್ಟು ಒಂದು ಎಚ್ಚರಿಕೆ. ಒಂದು ಲೀಟರ್ ರಸ ಹುದುಗಿದರೆ 50 ಲೀಟರಿನಷ್ಟು ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅದು ಗಾಳಿಗಿಂತ ಭಾರ, ನೆಲದಲ್ಲೇ ನಿಲ್ಲುತ್ತದೆ. ಹಾಳುಬಾವಿಯಲ್ಲಿ ಜನ ಉಸಿರುಗಟ್ಟಿ ಸಾಯುವ ಹಾಗೆಯೇ ಪೀಪಾಯಿ ಕೋಣೆಯಲ್ಲೂ ಸತ್ತಿದ್ದಾರೆ. ಬಾಗಿಲು ತೆರೆದಿಡಿ, ನೆಲಮಟ್ಟದಲ್ಲಿ ಫ್ಯಾನ್ ಹಾಕಿ, ಅನಿಲ ಮಾಪಕ ಇಟ್ಟುಕೊಳ್ಳಿ, ಒಬ್ಬರೇ ಒಳಗೆ ಹೋಗಬೇಡಿ.

ಹಂತ 5: ಗಷ್ಟಿನ ಜೊತೆ ಒಂದು ವರ್ಷ

ಹುದುಗು ನಿಂತ ಕೂಡಲೇ ಜಾಡಿಯ ವೈನ್ ಹಾಕಿ ಪೀಪಾಯಿಯನ್ನು ಅಂಚಿನವರೆಗೆ ತುಂಬಿಸಿ. ಎರಡು ವಾರ ಬಿಟ್ಟು 20 ಗ್ರಾಂ ಮೆಟಾಬೈಸಲ್ಫೈಟ್ ಕರಗಿಸಿ ಹಾಕಿ. ಫ್ರಾನ್ಸಿನ ಇನ್ನೊಂದು ಸೀಮೆ ಬರ್ಗಂಡಿಯ ಶಾರ್ಡೊನೆ ಬಿಳಿ ವೈನಿನಲ್ಲಿ ಹುಳಿಯನ್ನು ಮೆತ್ತಗೆ ಮಾಡುವ ಎರಡನೇ ಬ್ಯಾಕ್ಟೀರಿಯಾ ಹುದುಗು ಬೇಕೆಂದೇ ಮಾಡಿಸುತ್ತಾರೆ. ಬಿಳಿ ಬೋರ್ಡೋದಲ್ಲಿ ಸಾಮಾನ್ಯವಾಗಿ ಅದನ್ನು ತಡೆಯುತ್ತಾರೆ. ಸೋವಿನ್ಯೋನ್‌ನ ಹುಳಿಯೇ ಈ ವೈನಿನ ಬೆನ್ನುಮೂಳೆ.

ಕೋಣೆ 12ರಿಂದ 14 ಡಿಗ್ರಿ, ತೇವ ಶೇ 80ರ ಮೇಲಿರಲಿ. ವಾರಕ್ಕೊಮ್ಮೆ ಬಾಯಿ ತೆರೆದು ಆವಿಯಾದಷ್ಟು ಸೇರಿಸಿ. ಬಾಯಿಯವರೆಗೆ ತುಂಬಿಲ್ಲದ ಪೀಪಾಯಿ ವಿನೆಗರಿನ ದಾರಿ ಹಿಡಿಯುತ್ತದೆ.

ಸತ್ತ ಯೀಸ್ಟ್ ನಿಧಾನವಾಗಿ ಒಡೆದು ಮ್ಯಾನೋಪ್ರೋಟೀನ್ ಬಿಡುತ್ತದೆ. ಬಾಯಲ್ಲಿ ಕೆನೆಯಂಥ ದುಂಡನೆ ಸಿಗುವುದು ಅದರಿಂದ. ಗಷ್ಟನ್ನು ಬಗ್ಗಿದ ಸ್ಟೀಲ್ ಕೋಲಿನಿಂದ ಮೇಲೆಬ್ಬಿಸುವುದಕ್ಕೆ ಬಾತೊನಾಜ್ ಅನ್ನುತ್ತಾರೆ. ಎಷ್ಟು ಸಲ ಕಲಕಬೇಕು ಅನ್ನುವುದರಲ್ಲಿ ಒಮ್ಮತವಿಲ್ಲ. ನಾನು ಮೊದಲ ವರ್ಷ ವಾರಕ್ಕೆ ಮೂರು ಸಲ ಕಲಕಿದೆ. ಕೆನೆ ಬಂತು ಅಂತ ಖುಷಿಪಟ್ಟೆ. ಏಪ್ರಿಲ್ ಹೊತ್ತಿಗೆ ಬಣ್ಣ ಚಿನ್ನಕ್ಕೆ ತಿರುಗಿತ್ತು, ಚಕ್ಕೋತದ ವಾಸನೆ ಹೋಗಿ ಬರೀ ಜೇನಿನ ವಾಸನೆ ಉಳಿದಿತ್ತು. ಪ್ರತಿ ಸಲ ಬಾಯಿ ತೆರೆದಾಗ ಗಾಳಿ ಹೋಗುತ್ತದೆ ಅನ್ನುವುದು ಪುಸ್ತಕದಲ್ಲಿ ಓದಿದ್ದೆ, ಆ ವರ್ಷ ಕಲಿತೆ. ಈಗ ಡಿಸೆಂಬರ್‌ವರೆಗೆ ವಾರಕ್ಕೊಮ್ಮೆ, ಆಮೇಲೆ ಮಾರ್ಚ್‌ವರೆಗೆ ತಿಂಗಳಿಗೊಮ್ಮೆ, ಅಷ್ಟೇ. ಪೀಪಾಯಿಯನ್ನೇ ಉರುಳೆಗಳ ಮೇಲೆ ತಿರುಗಿಸುವ ಚೌಕಟ್ಟು ಸಿಗುತ್ತದೆ. ಬಾಯಿ ತೆರೆಯದೆ ಕೆಲಸ ಆಗುತ್ತದೆ. ಹಣ ಇದ್ದರೆ ಕೊಳ್ಳಿ.

ತಿಂಗಳಿಗೊಮ್ಮೆ ರುಚಿ ನೋಡಿ. ಮೊಟ್ಟೆಯ ವಾಸನೆ ಬಂದರೆ ಸುಮ್ನೆ ಬಿಡಬೇಡಿ. ವೈನನ್ನು ಬೇರೆ ಪಾತ್ರೆಗೆ ಇಳಿಸಿ, ದಪ್ಪ ಗಷ್ಟು ತೆಗೆದು, ತೆಳು ಗಷ್ಟಿನೊಂದಿಗೆ ವಾಪಸ್ ಹಾಕಿ. ಸಲ್ಫೈಟ್ ಎಷ್ಟು ಬೇಕು ಅನ್ನುವುದು ಪಿಎಚ್ ಮೇಲೆ ನಿಂತಿದೆ. 3.2ಕ್ಕೆ ಲೀಟರಿಗೆ 22 ಮಿ.ಗ್ರಾಂ ಮುಕ್ತ ಸಲ್ಫರ್ ಡೈಆಕ್ಸೈಡ್ (ವೈನಿನಲ್ಲಿ ಯಾವುದಕ್ಕೂ ಅಂಟಿಕೊಳ್ಳದೆ ಉಳಿದದ್ದು) ಸಾಕು, 3.4ಕ್ಕೆ 32 ಬೇಕು. ಅಂದಾಜಿನಲ್ಲಿ ಹಾಕಬೇಡಿ, ಅಳೆದು ಹಾಕಿ. ಒಟ್ಟು ಒಂಬತ್ತರಿಂದ ಹನ್ನೆರಡು ತಿಂಗಳು ಪೀಪಾಯಿಯಲ್ಲಿರಲಿ.

ಹಂತ 6: ಬ್ಲೆಂಡ್

ಎರಡೂ ಪೀಪಾಯಿಯಿಂದ ಒಂದೊಂದು ಲೀಟರ್ ತೆಗೆಯಿರಿ. 100 ಮಿ.ಲೀ. ಅಳತೆ ಗಾಜಿನಲ್ಲಿ ಸೋವಿನ್ಯೋನ್ 80, 70, 60, 50, 40 ಇಟ್ಟು, ಉಳಿದದ್ದನ್ನು ಸೆಮಿಯೋನ್‌ನಿಂದ ತುಂಬಿಸಿ. ಲೋಟದ ಅಡಿಗೆ ಗುರುತು ಹಾಕಿ, ಬೇರೆಯವರಿಂದ ಜಾಗ ಬದಲಿಸಿ. ಬೆಳಗ್ಗೆ ಹತ್ತು ಗಂಟೆಯ ಸುಮಾರಿಗೆ, ಕಾಫಿ ಕುಡಿಯದೆ, ರುಚಿ ನೋಡಿ ಉಗುಳಿ. ಮಾರನೇ ದಿನ ಅದನ್ನೇ ಇನ್ನೊಮ್ಮೆ ಮಾಡಿ.

ಬೇಗ ಕುಡಿಯುವುದಾದರೆ 80 ಸೋವಿನ್ಯೋನ್ ಇರುವುದೇ ಗೆಲ್ಲುತ್ತದೆ. ಸ್ಮಿತ್ ಓ ಲಫಿತ್‌ನ ಬಿಳಿ ವೈನಿನಲ್ಲಿ ಸೋವಿನ್ಯೋನ್ ಸುಮಾರು ಶೇ 90. ನನ್ನ ಮೆಚ್ಚಿನದು 60–40. ಮೊದಲ ಗುಟುಕಿಗೆ ಅದು ಸ್ವಲ್ಪ ಮಂಕು. ನುಂಗಿದ ಮೇಲೆ ಬಾಯಲ್ಲಿ ಉಳಿಯುವ ರುಚಿಯನ್ನು ಎಣಿಸಿ ನೋಡಿ, ಅದು ಗೆಲ್ಲುತ್ತದೆ. ಪೀಪಾಯಿಗಳು ಎರಡೇ ಆದ್ದರಿಂದ ಬೆರೆಸಿ ಉಳಿದದ್ದನ್ನು ಬೇರೆ ಬಾಟಲಿ ಮಾಡಿಟ್ಟುಕೊಳ್ಳಿ. ಸೆಮಿಯೋನ್ ಒಂಟಿಯಾಗಿ ಹೇಗೆ ಬೆಳೆಯುತ್ತದೆ ಅಂತ ನೋಡಲು ಅದು ಬೇಕು.

ಹಂತ 7: ಬಾಟಲಿಗೆ

ಬೆರೆಸಿದ ಮೇಲೆ ಮೂರು ವಾರ ಬಿಡಿ. ಸ್ವಲ್ಪ ವೈನನ್ನು ಸೋಸಿ 80 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಸಿ ಮಾಡಿ ತಣಿಸಿ. ಮಸುಕಾದರೆ ಪ್ರೋಟೀನ್ ಉಳಿದಿದೆ, ಅದನ್ನು ಹಿಡಿದು ಕೆಳಗಿಳಿಸುವ ಬೆಂಟೋನೈಟ್ ಮಣ್ಣು ಬೇಕು. ಎಷ್ಟು ಅಂತ ಮೊದಲು ಸಣ್ಣ ಸೀಸೆಗಳಲ್ಲಿ ಪರೀಕ್ಷೆ ಮಾಡಿ, ಕೆಲಸ ಮಾಡುವ ಅತಿ ಕಡಿಮೆ ಪ್ರಮಾಣವನ್ನೇ ಹಾಕಿ, ಅದು ಪರಿಮಳವನ್ನೂ ಎಳೆದುಕೊಳ್ಳುತ್ತದೆ. ಗಷ್ಟಿನ ಮೇಲೆ ವರ್ಷ ಕಳೆದ ವೈನಿಗೆ ಸಾಮಾನ್ಯವಾಗಿ ಕಡಿಮೆ ಸಾಕಾಗುತ್ತದೆ. ಮುಕ್ತ ಸಲ್ಫರ್ ಡೈಆಕ್ಸೈಡ್ ಲೀಟರಿಗೆ 30ರಿಂದ 35 ಮಿ.ಗ್ರಾಂ ಮಾಡಿ, ಸೋಸಿ, ಬಾಟಲಿಯ ತಳದಿಂದ ಮೇಲಕ್ಕೆ ತುಂಬಿಸಿ. ಕಾರ್ಕಿಗೆ ಜಿಪುಣತನ ಬೇಡ. ವಯಸ್ಸಿಗೆ ಮುಂಚೆ ಕಂದಾಗಿ ಕೆಟ್ಟುಹೋಗುವ ಬಿಳಿ ವೈನುಗಳಲ್ಲಿ ಎಷ್ಟೋ ಸಲ ತಪ್ಪು ಕಾರ್ಕಿನದು.

ಬಾಟಲಿಗೆ ಇಳಿದ ಮೊದಲ ಎರಡು ಮೂರು ತಿಂಗಳು ವೈನ್ ಮೊಂಡಾಗಿರುತ್ತದೆ, ತೆರೆಯಬೇಡಿ. ಮಲಗಿಸಿ, ಕತ್ತಲಲ್ಲಿ, 13 ಡಿಗ್ರಿಯಲ್ಲಿ ಇಡಿ. ಕುಡಿಯುವಾಗ ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಹೊರಗಿಡಿ. 11–12 ಡಿಗ್ರಿಗೆ ಬಂದಾಗ ಸೆಮಿಯೋನ್ ಬಾಯಿ ಬಿಡುತ್ತದೆ. ದೊಡ್ಡ ಲೋಟಕ್ಕೆ ಸ್ವಲ್ಪವೇ ಸುರಿಯಿರಿ. ಕೊನೆಯ ಗುಟುಕನ್ನು ಒಂದು ಗಂಟೆಯಾದರೂ ಹಾಗೇ ಬಿಟ್ಟು, ಆಮೇಲೆ ಮತ್ತೆ ಮೂಗಿಟ್ಟು ನೋಡಿ.